ತಲೆಯೊಳಗಿನ ಹುಳುವಿಗೆ ಮಾತ್ರೆ, ಕಣ್ಣು ಯಾಕೆ ತೋರಿಸಬೇಕು?

ಪ್ರಶ್ನೆ (ಮೂಡಿಗೆರೆಯಿಂದ): ಡಾಕ್ಟ್ರೇ, ಹೋದ ವಾರ ನನ್ನ ತಮ್ಮನಿಗೆ ತೋಟದಲ್ಲೇ ಫಿಟ್ಸ್ ಬಂತು. ಹಾಸನದಲ್ಲಿ ಸ್ಕ್ಯಾನ್ ಮಾಡಿ, ಮೆದುಳಲ್ಲಿ ಲಾಡಿಹುಳುವಿನ ಗುಳ್ಳೆ ಇದೆ ಅಂದರು. ಫಿಟ್ಸ್ ಮಾತ್ರೆ ಶುರುವಾಗಿದೆ. ಹುಳು ಸಾಯಿಸೋ ಅಲ್ಬೆಂಡಜೋಲ್ ಮಾತ್ರೆಯನ್ನ ಮಾತ್ರ ಕಣ್ಣು ತೋರಿಸಿದ ಮೇಲೇ ಕೊಡಬೇಕಂತೆ. ಅವನಿಗೆ ಕಣ್ಣು ಚೆನ್ನಾಗೇ ಕಾಣುತ್ತೆ. ಕಾಫಿ ಕೊಯ್ಲು ಬೇರೆ, ಮತ್ತೊಂದು ಸಲ ಹೋಗೋದು ಕಷ್ಟ. ಇದೇ ಮಾತ್ರೆ ಸ್ಕೂಲಲ್ಲಿ ಮಕ್ಕಳಿಗೆಲ್ಲ ಸುಮ್ನೆ ಕೊಡ್ತಾರಲ್ವಾ? ನಾವು ಹಂದಿ ಮಾಂಸ ಮುಟ್ಟೋರೂ ಅಲ್ಲ.

ಉತ್ತರ (ಕಣ್ಣಿನ ಡಾಕ್ಟರ್): ದಯವಿಟ್ಟು ತೋರಿಸದೆ ಶುರು ಮಾಡಬೇಡಿ. ಮಾತ್ರೆ ಕಣ್ಣಿಗೆ ವಿಷ ಅಂತಲ್ಲ, ಕಷ್ಟ ಇರೋದು ಹುಳು ಸಾಯುವಾಗ. ಸತ್ತ ಗುಳ್ಳೆಯ ಸುತ್ತ ಊತ ಏಳುತ್ತದೆ. ಮೆದುಳಲ್ಲಿ ಅದನ್ನು ತಡೆಯಲೆಂದೇ ಜೊತೆಗೆ ಸ್ಟೀರಾಯ್ಡ್ ಕೊಡುತ್ತಾರೆ. ಇಂಥ ಗುಳ್ಳೆ ಕಣ್ಣಿನೊಳಗೂ ಇರಬಹುದು, ಅಲ್ಲಿ ಹಾಗಾದರೆ ರೆಟಿನಾ (ಕಣ್ಣಿನ ಹಿಂದಿನ ಪರದೆ) ಹಾಳಾಗಿ ದೃಷ್ಟಿಯೇ ಹೋಗಬಹುದು.

ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ನೋಡಿದರೆ ಮುತ್ತಿನ ಥರದ ಗುಳ್ಳೆ, ಅದರೊಳಗೊಂದು ಬಿಳಿ ಚುಕ್ಕೆ ಕಾಣುತ್ತದೆ. ಅದೇ ಹುಳುವಿನ ತಲೆ, ಲೈಟ್ ಬಿದ್ದರೆ ಮೆಲ್ಲಗೆ ಅಲುಗಾಡುತ್ತದೆ. ಅಂಥದ್ದು ಕಂಡರೆ ಮೊದಲು ಆಪರೇಷನ್ ಮಾಡಿ ತೆಗೆಯಬೇಕು. ಗುಳ್ಳೆ ಒಂದು ಮೂಲೆಯಲ್ಲಿದ್ದರೆ ದೃಷ್ಟಿಗೆ ಏನೂ ಆಗಿರುವುದಿಲ್ಲ, ಹಾಗಾಗಿ ಚೆನ್ನಾಗಿ ಕಾಣುತ್ತೆ ಅನ್ನೋದನ್ನ ನಂಬಿ ಕೂರಬೇಡಿ. (ಕಣ್ಣು ತಿರುಗಿಸುವ ಸ್ನಾಯುವಿನಲ್ಲಿದ್ದರೆ ಬೇರೆ ಮಾತು, ಅದಕ್ಕೆ ಸಾಮಾನ್ಯವಾಗಿ ಮಾತ್ರೆಯೇ ಸಾಕು.) ಕಣ್ಣಿನ ನರ ಊದಿದೆಯಾ ಅಂತಲೂ ನೋಡುತ್ತೇವೆ. ಊದಿದ್ದು ತಲೆಯೊಳಗಿನ ಒತ್ತಡದಿಂದ ಅಂತಾದರೆ ಆಗಲೂ ಹುಳುವಿನ ಮಾತ್ರೆ ತಡೆಹಿಡಿಯಬೇಕಾಗುತ್ತದೆ.

ಸ್ಕೂಲಲ್ಲಿ ಕೊಡೋದು ಹೊಟ್ಟೆಹುಳುವಿಗೆ, ಒಂದೇ ಸಲ, 400 ಮಿಲಿಗ್ರಾಂ. ಅದನ್ನು ಮಕ್ಕಳಿಗೆ ಕೊಡಿಸಿ. ನಿಮ್ಮ ತಮ್ಮನದ್ದು ತೂಕ ನೋಡಿ ದಿನಕ್ಕೆರಡು ಸಲ, ಸಾಮಾನ್ಯವಾಗಿ 10ರಿಂದ 14 ದಿನ.

ಹಂದಿ ತಿನ್ನದವರಿಗೂ ಇದು ಬರುತ್ತದೆ. ಹೊಟ್ಟೆಯಲ್ಲಿ ಲಾಡಿಹುಳು ಇರುವವರ ಮಲದಿಂದ ಮೊಟ್ಟೆಗಳು ಕೈಗೆ, ನೀರಿಗೆ, ಹಸಿ ಸೊಪ್ಪಿಗೆ ಸೇರುತ್ತವೆ. ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಸರಿ ಡಾಕ್ಟ್ರೇ, ಸೋಮವಾರ ಹೋಗ್ತೀವಿ. ಅವನೇ ಬೈಕ್ ಓಡಿಸ್ತೀನಿ ಅಂತಾನೆ.

ಉತ್ತರ: ಬೇಡವೇ ಬೇಡ. ಫಿಟ್ಸ್ ಬಂದವನು ಬೈಕ್ ಮುಟ್ಟಬಾರದು, ಡ್ರಾಪ್ಸ್ ಹಾಕಿದ ಮೇಲಂತೂ ಕೆಲವು ಗಂಟೆ ಎಲ್ಲ ಮಂಜು ಮಂಜು. ಬಸ್ಸಲ್ಲಿ ಹೋಗಿ, ನೀವೂ ಜೊತೆಗಿರಿ, ಸ್ಕ್ಯಾನ್ ರಿಪೋರ್ಟ್ ಮರೆಯಬೇಡಿ. ಅವತ್ತು ಬೆಳಿಗ್ಗೆ ಫಿಟ್ಸ್ ಮಾತ್ರೆಯೂ ತಪ್ಪಬಾರದು. ಅಲ್ಬೆಂಡಜೋಲ್ ಶುರುವಾದ ಮೇಲೆ ಜೋರು ತಲೆನೋವು, ವಾಂತಿ, ಕಣ್ಣು ಮಂಜು, ಯಾವುದು ಬಂದರೂ ಅವತ್ತೇ ತೋರಿಸಿ. ಸ್ಟೀರಾಯ್ಡನ್ನು ನೀವಾಗೇ ನಿಲ್ಲಿಸಬೇಡಿ.