ಅಪಾರ್ಟ್‌ಮೆಂಟ್‌ಗೆ ಫೈರ್ ಇನ್‌ಸ್ಪೆಕ್ಷನ್: ಮೊದಲೇ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ಒಂಬತ್ತು ಮಹಡಿಯ ಕಟ್ಟಡ. ಅಗ್ನಿಶಾಮಕ ಇಲಾಖೆಯವರು ತಪಾಸಣೆಗೆ ಬರುತ್ತಿದ್ದಾರೆ. ಬೆಂಕಿ ನಂದಿಸುವ ಸಿಲಿಂಡರ್‌ಗಳ ಮೇಲೆ ಈ ವರ್ಷದ ಸರ್ವಿಸ್ ಸ್ಟಿಕ್ಕರ್ ಇದೆ, ಫೈರ್ ಪಂಪೂ ಓಡುತ್ತೆ. ಇಷ್ಟು ಸಾಕಾ?

ಉತ್ತರ 1: ಸಾಲದು ಸರ್. ಪಂಪ್ ಪ್ಯಾನಲ್‌ನ ಸ್ವಿಚ್ 'ಆಟೋ'ದಲ್ಲೇ ಇರಬೇಕು. ಜಾಕಿ ಪಂಪ್ (ಪೈಪಿನಲ್ಲಿ ಒತ್ತಡ ಕಾಯ್ದುಕೊಳ್ಳುವ ಸಣ್ಣ ಪಂಪ್) ಪದೇಪದೇ ಆನ್ ಆಗುತ್ತೆ ಅಂತ ಯಾರೋ 'ಮ್ಯಾನ್ಯುಯಲ್'ಗೆ ಹಾಕಿಬಿಟ್ಟಿರುತ್ತಾರೆ. ಅದು ಆನ್ ಆಗೋದು ಲೈನಿನಲ್ಲಿ ಎಲ್ಲೋ ಸೋರಿಕೆ ಇರೋದಕ್ಕೆ. ಹೈಡ್ರಂಟ್ (ಬೆಂಕಿ ಆರಿಸಲು ಹೋಸ್ ಜೋಡಿಸುವ ನಲ್ಲಿ) ವಾಲ್ವ್‌ನ ವಾಷರ್, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ನಾನ್-ರಿಟರ್ನ್ ವಾಲ್ವ್ ಮೊದಲು ನೋಡಿ. ಆಮೇಲೆ ಮೇಲಿನ ಮಹಡಿಯ ಹೈಡ್ರಂಟ್‌ಗೆ ಹೋಸ್ ಜೋಡಿಸಿ, ಇಬ್ಬರು ನಾಝಲ್ ಗಟ್ಟಿಯಾಗಿ ಹಿಡಿದು ನೀರು ಬಿಡಿ. ಒತ್ತಡ ಇಳಿದಂತೆ ಮೊದಲು ಜಾಕಿ, ನಂತರ ಮುಖ್ಯ ಪಂಪ್ ತಾನಾಗಿಯೇ ಶುರುವಾಗಬೇಕು. ನೀರು ಹರಿಯುವಾಗಲೂ ಅಲ್ಲಿ 3.5 ಬಾರ್ ಒತ್ತಡ ಸಿಗಬೇಕು. ಮುಖ್ಯ ಪಂಪನ್ನು ಕೈಯಿಂದಲೇ ನಿಲ್ಲಿಸಬೇಕು.

ಉತ್ತರ 2: ಸ್ಟಿಕ್ಕರ್ ನಂಬಬೇಡಿ. ಎಬಿಸಿ ಪೌಡರ್ (ಬೆಂಕಿ ಆರಿಸುವ ಒಣ ಪುಡಿ) ಸಿಲಿಂಡರ್‌ನ ಒತ್ತಡದ ಗೇಜಿನ ಮುಳ್ಳು ಹಸಿರಿನಲ್ಲಿರಬೇಕು. ಸಿಒ2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್‌ಗೆ ಗೇಜ್ ಇರೋದಿಲ್ಲ, ತೂಕವೇ ಹಾಕಬೇಕು. ಒಳಗಿನ ಅನಿಲ ಶೇ. 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ರೀಫಿಲ್.

ಉತ್ತರ 3: ಎಲೆಕ್ಟ್ರಿಕಲ್ ಡಕ್ಟ್ (ಮಹಡಿಗಳ ಮೂಲಕ ಕೇಬಲ್ ಹಾದುಹೋಗುವ ಕೊಳವೆಯಂಥ ಜಾಗ) ಬಾಗಿಲು ತೆಗೆದು ನೋಡಿ. ಕೇಬಲ್ ಹಾದುಹೋದ ಕಡೆ ಪ್ರತಿ ಮಹಡಿಯಲ್ಲೂ ಫೈರ್ ಸೀಲೆಂಟ್ (ಬೆಂಕಿ, ಹೊಗೆ ತಡೆಯುವ ಮುಚ್ಚುವಸ್ತು) ತುಂಬಿರಬೇಕು. ಇಂಟರ್ನೆಟ್ ವೈರ್ ಎಳೆಯುವವರು ಕೊರೆದು ಹಾಗೇ ಬಿಟ್ಟುಹೋಗುತ್ತಾರೆ. ಆ ತೂತಿಗೆ ಮಾಮೂಲಿ ಪಿಯು (ಪಾಲಿಯುರಿಥೇನ್) ಫೋಮ್ ತುಂಬಬೇಡಿ, ಅದೇ ಹತ್ತಿ ಉರಿಯುತ್ತೆ. 2010ರಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ ಡಕ್ಟ್‌ನಿಂದ ಹೊಗೆ ಮಹಡಿಗಳಿಗೆ ನುಗ್ಗಿ ಒಂಬತ್ತು ಜನ ತೀರಿಹೋದರು. ಮೆಟ್ಟಿಲ ಬಳಿಯ ಸೈಕಲ್, ಚಪ್ಪಲಿ ಸ್ಟ್ಯಾಂಡ್ ಇವತ್ತೇ ತೆಗೆಸಿ. ಟೆರೇಸ್ ಬಾಗಿಲಿಗೆ ಬೀಗ ಬೇಡ.