ಪೋರ್ಕ್ ಚಾಪ್ಸ್ ಚಪ್ಪಲಿ ಆಗುತ್ತಿದೆ, ಕ್ರೀಮ್ ಸಾಸ್ ಒಡೆಯುತ್ತಿದೆ. ಎಲ್ಲಿ ಎಡವುತ್ತಿದ್ದೇನೆ?

ಚಳಿಯೂರಿನವನು:
ಓಹಾಯೋಗೆ ಬಂದು ಎರಡು ವರ್ಷ. ನಮ್ಮ ಕೊಡಗಿನ ಹಂದಿ ಸಾರು, ಪಂದಿ ಕರಿ, ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ, ಆದರೆ ಇಲ್ಲಿಯವರು ಚಾಪ್ಸ್ ಹುರಿದು ಅದೇ ಬಾಣಲೆಯಲ್ಲಿ ಕ್ರೀಮ್ ಸಾಸ್ ಮಾಡುತ್ತಾರಲ್ಲ, ಅದು ಮಾತ್ರ ಮೂರು ಸಲವೂ ಕೆಟ್ಟಿತು. ಮೂಳೆ ಇಲ್ಲದ ತೆಳು ಚಾಪ್ಸ್, ಅರ್ಧ ಇಂಚೂ ಇಲ್ಲ. ಹಂದಿ ಮಾಂಸ ಅಲ್ವಾ, ಹಸಿ ಉಳಿಯಬಾರದು ಅಂತ ಇಪ್ಪತ್ತು ನಿಮಿಷ ಬೇಯಿಸಿದೆ. ಸಾಸ್‌ಗೆ ಹಾಫ್ ಅಂಡ್ ಹಾಫ್ (ಹಾಲು, ಕ್ರೀಮ್ ಬೆರೆಸಿ ಮಾರುವುದು) ಹಾಕಿ, ನಿಂಬೆ ಹಿಂಡಿ ಕುದಿಸಿದರೆ ಹಾಲು ಒಡೆದ ಹಾಗೆ ಬಿಳಿ ಚೂರು. ಶನಿವಾರ ಊಟಕ್ಕೆ ಇಬ್ಬರು ಬರುತ್ತಿದ್ದಾರೆ, ಕಾಪಾಡಿ.

ಕಬ್ಬಿಣದ ಬಾಣಲೆ:
ನಿಮ್ಮ ಪಂದಿ ಕರಿ ಅಭ್ಯಾಸವೇ ಇಲ್ಲಿ ಕೈ ಕೊಟ್ಟಿರೋದು. ಕರಿಗೆ ಹಾಕುವುದು ಕೊಬ್ಬಿರುವ ಭುಜದ ಮಾಂಸ, ಹೊಟ್ಟೆ ಭಾಗ. ಬೆಂದಷ್ಟೂ ಮೆತ್ತಗೆ. ಚಾಪ್ಸ್ ಬೆನ್ನಿನ ಮಾಂಸ, ಕೊಬ್ಬು ಕಡಿಮೆ, ಬೆಂದಷ್ಟೂ ಒಣಗುತ್ತದೆ. ಮೂಳೆ ಇರುವ, ಒಂದಿಂಚು ದಪ್ಪದ್ದೇ ತನ್ನಿ. ಮಾಂಸದ ಒಳಗಿನ ಬಿಸಿ ಎಷ್ಟಾಗಬೇಕು ಅನ್ನುವುದರಲ್ಲಿ ಅಮೆರಿಕದ ಕೃಷಿ ಇಲಾಖೆ 2011ರಲ್ಲೇ 160 ಡಿಗ್ರಿ ಫ್ಯಾರನ್‌ಹೀಟ್ ಬಿಟ್ಟು 145ಕ್ಕೆ ಇಳಿದಿದೆ, ಆಮೇಲೆ ಒಲೆಯಿಂದ ತೆಗೆದು ಮೂರು ನಿಮಿಷ ಬಿಡಬೇಕು, ಅಷ್ಟೇ. ಒಳಗೆ ಸ್ವಲ್ಪ ಗುಲಾಬಿ ಕಂಡರೆ ಗಾಬರಿ ಬೇಡ. ಗಡಿಯಾರ ನೋಡಬೇಡಿ, ಥರ್ಮಾಮೀಟರ್ ಚುಚ್ಚಿ.

ಹಾಕುವ ಮುಂಚೆ ಟಿಶ್ಯೂನಲ್ಲಿ ಒತ್ತಿ ಒರೆಸಿ, ಒದ್ದೆ ಇದ್ದರೆ ಹುರಿಯುವುದಿಲ್ಲ, ಬೇಯುತ್ತದೆ. ಅಂಚಿನ ಕೊಬ್ಬಿಗೆ ಎರಡು ಮೂರು ಕಡೆ ಗೀರು ಹಾಕಿ, ಇಲ್ಲದಿದ್ದರೆ ಹಪ್ಪಳದ ಥರ ಮುದುರಿಕೊಳ್ಳುತ್ತದೆ. ಒಂದೊಂದು ಕಡೆ ನಾಲ್ಕು ನಿಮಿಷ, ಸುಮ್ನೆ ತಿರುಗಿಸುತ್ತಾ ಇರಬೇಡಿ. ತೆಗೆದ ಮೇಲೆ ತಳದಲ್ಲಿ ಕಂದು ಬಣ್ಣಕ್ಕೆ ಹತ್ತಿರುತ್ತದಲ್ಲ, ಅದನ್ನು ತೊಳೆದುಬಿಟ್ಟರೆ ಸಾಸ್‌ನ ರುಚಿಯೇ ಸಿಂಕಿಗೆ ಹೋಯ್ತು. ಅಲ್ಲೇ ಈರುಳ್ಳಿ, ಅಣಬೆ ಬಾಡಿಸಿ, ಅರ್ಧ ಕಪ್ ಚಿಕನ್ ಸ್ಟಾಕ್ ಹಾಕಿ ಮರದ ಸೌಟಿನಲ್ಲಿ ಕೆರೆದು, ಅದು ಅರ್ಧಕ್ಕೆ ಇಳಿದ ಮೇಲೆ ಕ್ರೀಮ್.

ಹಾಲಿನ ಕೆನೆ:
ಒಡೆದಿದ್ದಕ್ಕೆ ಕಾರಣ ಹಾಫ್ ಅಂಡ್ ಹಾಫ್. ಅದರಲ್ಲಿ ಕೊಬ್ಬು 18 ಶೇಕಡಾ ಮೀರುವುದಿಲ್ಲ, ಹುಳಿ ಮತ್ತು ಕುದಿ ಎರಡೂ ಸೇರಿದರೆ ತಡೆಯುವುದಿಲ್ಲ. 36 ಶೇಕಡಾ ಇರುವ ಹೆವಿ ಕ್ರೀಮ್ ತನ್ನಿ. ಉರಿ ಸಣ್ಣ ಇರಲಿ. ನಿಂಬೆ ಕೊನೆಗೆ, ಒಲೆ ಆರಿಸಿದ ಮೇಲೆ.

ಕಾಫಿ ತೋಟ:
ನಿಂಬೆ ಯಾಕೆ ಗುರುವೇ, ಮನೆಯಲ್ಲಿ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ, ಇಲ್ವಾ? ನಾಲ್ಕೇ ಹನಿ, ಜೊತೆಗೆ ಆಗಷ್ಟೇ ಕುಟ್ಟಿದ ಕಾಳುಮೆಣಸು. ಜಾಸ್ತಿ ಆದರೆ ಸಾಸ್ ಕಪ್ಪಗಾಗುತ್ತದೆ. ಇನ್ನೊಂದು ಮಾತು, 145ರ ಲೆಕ್ಕ ಅಲ್ಲಿ ತಪಾಸಣೆ ಆಗಿ ಬರುವ ಮಾಂಸಕ್ಕೆ. ಊರಲ್ಲಿ ಸಂತೆಯಿಂದ ತಂದರೆ ನಾನಂತೂ ಪೂರ್ತಿ ಬೇಯಿಸುತ್ತೇನೆ, ಲಾಡಿಹುಳದ ಭಯ.

ಚಳಿಯೂರಿನವನು:
ಮಾಡಿದೆ! 140ಕ್ಕೇ ತೆಗೆದಿಟ್ಟೆ, ತಟ್ಟೆಯಲ್ಲೇ 146ಕ್ಕೆ ಏರಿತು. ತಟ್ಟೆಗೆ ಇಳಿದ ರಸವನ್ನೂ ಸಾಸ್‌ಗೇ ಸುರಿದೆ. ಒಡೆಯಲಿಲ್ಲ. ಬಂದವರಲ್ಲಿ ಒಬ್ಬರು ಗುಲಾಬಿ ಬಣ್ಣ ನೋಡಿ ಚಮಚ ಕೆಳಗಿಟ್ಟರು, ಅವರದ್ದನ್ನು ಮತ್ತೆ ಬಾಣಲೆಗೆ ಹಾಕಿ ಚಪ್ಪಲಿ ಮಾಡಿಯೇ ಕೊಟ್ಟೆ. ಅದನ್ನೇ ಚೆನ್ನಾಗಿದೆ ಅಂದರು. ಕಾಚಂಪುಳಿ ಆರು ಹನಿ ಬಿತ್ತು, ಸಾಸ್ ಸ್ವಲ್ಪ ಕಾಫಿ ಬಣ್ಣ.