ಮೆಥಡೋನ್ ಕ್ಲಿನಿಕ್‌ನ ನಿಯಮಪತ್ರ: ಅನುಭವ ಇದ್ದವರು ಹೇಳಿ

ಕೇಳಿದವರು: ತಮ್ಮನಿಗೆ ಹೆರಾಯಿನ್ ಚಟ ಬಿಡಿಸೋಕೆ ಮೆಥಡೋನ್ ಅನ್ನೋ ಕುಡಿಯೋ ಔಷಧಿ ಶುರು ಮಾಡ್ತಿದ್ದಾರೆ. ಎದುರಿಗೇ ಕುಡಿಯಬೇಕು, ಕೇಳಿದಾಗ ಮೂತ್ರ ಕೊಡಬೇಕು, ಗೇಟಿನ ಹತ್ತಿರ ಗುಂಪು ನಿಲ್ಲಬಾರದು, ಜಗಳ ಆಡಿದ್ರೆ ಹೊರಗೆ. ಇದಕ್ಕೆಲ್ಲ ಸಹಿ ಕೇಳ್ತಿದ್ದಾರೆ. ಅವನದು ರಾತ್ರಿ ಪಾಳಿ, ಕೋಪವೂ ಜಾಸ್ತಿ. ಏನು ಮಾಡಲಿ?

ಬೆಳಗಿನ ಸಾಲು: ಸಹಿ ಹಾಕಿಸಿ, ಅಷ್ಟೇ. ನಾನು ಹಾಕಿದ್ದೀನಿ, ಹಾಗೇ ನಡ್ಕೊಂಡಿದ್ದೀನಿ. ಔಷಧಿ ಕುಡಿದ ಮೇಲೆ ನೀರು ಕುಡಿಸಿ ಮಾತಾಡಿಸ್ತಾರೆ, ಬಾಯಲ್ಲಿಟ್ಕೊಂಡು ಹೋಗಿ ಮಾರಬಾರದಲ್ಲ. ಕೌಂಟರ್ ತೆರೆಯೋದೂ ನನ್ನ ಶಿಫ್ಟ್ ಶುರುವಾಗೋದೂ ಒಂದೇ ಹೊತ್ತಿಗೆ. ಕೆಲಸ ಹೋಯ್ತು, ಕೈಗೆ ಬಂದಿದ್ದ ಬಡ್ತಿಯೂ ಹೋಯ್ತು. ಮನೆಗೆ ಬಾಟಲಿ ಕೊಡೋಕೆ ಶುರು ಮಾಡಿದ ಮೇಲೆ ಬೀಗದ ಪೆಟ್ಟಿಗೆ ಖರ್ಚೂ ನಂದೇ. ಇದ್ದಕ್ಕಿದ್ದ ಹಾಗೆ ಫೋನ್ ಬರುತ್ತೆ, ಖಾಲಿದೂ ತುಂಬಿದ್ದೂ ಎಲ್ಲ ತಂದು ತೋರಿಸಬೇಕು. ಕುಡಿಯೋ ದಿನಕ್ಕೆ ಮುಂಚೆ ಒಂದು ಸೀಲ್ ಹರಿದಿದ್ರೂ ಮತ್ತೆ ದಿನಾ ಸಾಲು. ನಂದು ಒಂದೂ ಹರಿದಿಲ್ಲ.

ಹೊರಗಿನವನು: 'ಅಷ್ಟೇ' ಅಂತೆ! ನನ್ನ ಮೂತ್ರ ತಣ್ಣಗಿದೆ, ಬೇರೆಯವರದು ಅಂದ್ರು. ಮೂತ್ರದ ಕಪ್ ಮೇಲಿರೋ ಬಿಸಿ ಅಳೆಯೋ ಪಟ್ಟಿ 32ರಿಂದ 38 ಡಿಗ್ರಿ ತೋರಿಸಬೇಕು, ಮೂತ್ರ ಕೊಟ್ಟ 4 ನಿಮಿಷದೊಳಗೆ ನೋಡಬೇಕು. ಅದನ್ನ ನೋಡಬೇಕಿದ್ದ ಕ್ಲಿನಿಕ್‌ನಾಕೆ ಯಾರ ಜೊತೆಗೋ ಮಾತಾಡ್ತಾ ಕಪ್ ಮೇಜಿನ ಮೇಲೇ ಬಿಟ್ಟಿದ್ರು, ತಣ್ಣಗಾಗದೆ ಇನ್ನೇನು? ಧ್ವನಿ ಏರಿಸಿದೆ, ಕೈ ಎತ್ತಿಲ್ಲ. 'ಬೆದರಿಕೆ' ಅಂತ ಬರೆದು, ಡೋಸ್ ಇಳಿಸಿ ಇಳಿಸಿ ಹೊರಗೆ ಹಾಕಿದ್ರು. ಮೆಥಡೋನ್ ಬಿಟ್ಟಾಗಿನ ಸಂಕಟ ಹೆರಾಯಿನ್‌ದಕ್ಕಿಂತ ನಿಧಾನ, ವಾರಗಟ್ಟಲೆ ಎಳೆಯುತ್ತೆ. ನಿದ್ದೆ ಇಲ್ಲ, ಕಾಲು ಒಂದು ಕಡೆ ನಿಲ್ಲಲ್ಲ, ಮೈಯೆಲ್ಲ ಬೆವರು. ಚಿಕಿತ್ಸೆ ಬಿಟ್ಟ ಮೊದಲ ವಾರಗಳಲ್ಲೇ ಓವರ್‌ಡೋಸ್ ಸಾವು ಜಾಸ್ತಿ ಅಂತ ಅವರಿಗೆ ಗೊತ್ತಿಲ್ವಾ? ಗೊತ್ತಿದ್ದೂ ತಳ್ತಾರೆ.

ಕಿಟಕಿಯ ಒಳಗಿದ್ದವಳು: ನಾನು ಆ ಕಿಟಕಿ ಹಿಂದೆ ಕೆಲಸ ಮಾಡಿದವಳು. 'ಬರೀ ಧ್ವನಿ' ಅನ್ನೋರು ಗಾಜಿಗೆ ಗುದ್ದಿದ್ದನ್ನೂ ಕಂಡಿದ್ದೀನಿ. ಸತತ ಮೂರ್ನಾಲ್ಕು ದಿನ ತಪ್ಪಿಸಿ ಬಂದವರಿಗೆ ಹಳೇ ಡೋಸ್ ಕೊಡೋ ಹಾಗಿಲ್ಲ, ದೇಹದ ತಾಳಿಕೆ ಇಳಿದಿರುತ್ತೆ. ನಿದ್ದೆ ಮಾತ್ರೆ ನುಂಗಿ ತೂಗಾಡ್ತಾ ಬಂದವರಿಗೂ ಅಷ್ಟೇ, ಕೊಟ್ರೆ ಉಸಿರೇ ನಿಲ್ಲಬಹುದು. ಬೈಸಿಕೊಳ್ಳೋದು ಮಾತ್ರ ನಾವು.

ಹೊರಗಿನವನು: ಅದು ನಿಮ್ಮ ಕಥೆ. ನನಗೆ ಒಂದು ಮೇಲ್ಮನವಿಗೂ ಅವಕಾಶ ಕೊಡಲಿಲ್ಲ, ಅದನ್ನ ಹೇಳಿ.

ಮಾತ್ರೆಯವನು: ನಾನಂತೂ ಅದೇ ಚಟಕ್ಕೆ ಕೊಡೋ ಬುಪ್ರೆನಾರ್ಫಿನ್-ನಲಾಕ್ಸೋನ್ ಮಾತ್ರೆ ತಗೊಂಡೆ, ಮೆಥಡೋನ್ ತಂಟೆಗೇ ಹೋಗಲಿಲ್ಲ. ಅಲ್ಲೂ ನಾಲಿಗೆ ಕೆಳಗಿನ ಮಾತ್ರೆ ಕರಗೋ ತನಕ ಬಾಯಿ ಮುಚ್ಕೊಂಡು ಕೂರಬೇಕು, ಆಮೇಲೆ ನಾಲಿಗೆ ಎತ್ತಿ ತೋರಿಸಬೇಕು. ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಿ, ಒಂದು ಗಂಟೆ ಬಿಟ್ಟು ಹಲ್ಲುಜ್ಜಿ ಅಂತ ಯಾವ ನಿಯಮಪತ್ರದಲ್ಲೂ ಬರೆದಿರಲಿಲ್ಲ. ದವಡೆ ಹಲ್ಲು ಕೀಳಿಸಿದ್ದು, ರೂಟ್ ಕೆನಾಲ್, ಕ್ಯಾಪ್, ಆ ಕ್ಯಾಪ್ ಬಿದ್ದು ಮತ್ತೆ ಕ್ಯಾಪ್...

ಬೆಳಗಿನ ಸಾಲು: ಹಲ್ಲಿನ ಪುರಾಣ ಬೇರೆ ಕಡೆ ಹೇಳು ಗುರು. ಜೇಬಲ್ಲಿಟ್ಕೊಂಡು ಮಾರೋಕೆ ಸುಲಭ ಅಂತ ಮಾತ್ರೆ ಹಿಡಿದವರೇ ಜಾಸ್ತಿ.

ಮಾತ್ರೆಯವನು: ನಾಲಿಗೆ ಹಿಡಿತದಲ್ಲಿರಲಿ. ನಿಮ್ಮ ಸಾಲಿನಲ್ಲಿ ಬಾಟಲಿ ಕೈ ಬದಲಾಗೋದನ್ನ ನಾವು ನೋಡಿಲ್ವಾ?

ಕೇಳಿದವರು: ಅಣ್ಣಂದಿರಾ, ರಾತ್ರಿ ಪಾಳಿ ಇರೋರಿಗೆ ಕೌಂಟರ್ ಹೊತ್ತು ಬದಲಾಯಿಸಿ ಕೊಡ್ತಾರಾ? ಅದೊಂದು ಹೇಳಿ.

ಹೊರಗಿನವನು: ಬದಲಾಯಿಸ್ತಾರೆ, ಕೈಕಾಲು ಹಿಡಿದ್ರೆ. ಇರಲಿ, ಆ 'ಒಂದೂ ಸೀಲ್ ಹರಿದಿಲ್ಲ' ಅನ್ನೋರು ಮೊದಲು ಉತ್ತರ ಕೊಡಲಿ.